‘ನಾನು ಇನ್ನು ನನ್ನವಳಲ್ಲ’ ಎಂದ ಮೇಲೆ ನಿರ್ಧಾರ ಯಾರದು?

ಪ್ರಶ್ನೆ: ಶಿಕ್ಷಕಿ, ತುಮಕೂರು ಜಿಲ್ಲೆ

ಎಲ್ಲರಿಗೂ ವಂದನೆಗಳು. ನಾನು ದಕ್ಷಿಣ ಭಾರತ ಸಭೆಗೆ ಸೇರಿದ ಕುಟುಂಬದವಳು. ನಮ್ಮ ದೇವಾಲಯದಲ್ಲಿ ಪ್ರತಿ ವರ್ಷದ ಮೊದಲ ಭಾನುವಾರ ಒಡಂಬಡಿಕೆಯ ಆರಾಧನೆ ನಡೆಯುತ್ತದೆ. ನಾನು ಇನ್ನು ನನ್ನವಳಲ್ಲ, ನಿನ್ನವಳು. ನಿನಗೆ ಬೇಕಾದ ಕೆಲಸಕ್ಕೆ ನನ್ನನ್ನು ಹಚ್ಚು, ದುಡಿಯುವುದಕ್ಕಾದರೂ ಸರಿ, ನೋಯುವುದಕ್ಕಾದರೂ ಸರಿ ಎಂಬ ಅರ್ಥದ ಪ್ರಾರ್ಥನೆಯನ್ನು ನಾನು ಚಿಕ್ಕಂದಿನಿಂದ ಸಭೆಯೊಂದಿಗೆ ಓದುತ್ತಾ ಬಂದಿದ್ದೇನೆ. ಈ ವರ್ಷ ಮಾತ್ರ ‘ನೋಯುವುದಕ್ಕಾದರೂ’ ಎಂಬಲ್ಲಿಗೆ ಬಂದಾಗ ನನ್ನ ಧ್ವನಿ ನಿಂತುಹೋಯಿತು. ಸಭೆ ಓದುತ್ತಾ ಮುಂದೆ ಹೋಯಿತು. ನಾನು ಪುಸ್ತಕ ಹಿಡಿದುಕೊಂಡು ಸುಮ್ಮನೆ ನಿಂತಿದ್ದೆ.

ಕಳೆದ ಅಕ್ಟೋಬರಿನಲ್ಲಿ ಅಮ್ಮನಿಗೆ ಲಕ್ವ ಹೊಡೆಯಿತು. ಬಲಗೈ ಮತ್ತು ಮಾತು ಎರಡೂ ಹೋದವು. ವಾರಕ್ಕೆ ಮೂರು ಸಲ ಫಿಸಿಯೋಥೆರಪಿಯವರು ಮನೆಗೆ ಬರುತ್ತಾರೆ. ನಾನು ಒಬ್ಬಳೇ ಮಗಳು. ನನ್ನ ಯಜಮಾನರು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದು, ಅಮ್ಮನನ್ನು ಅಲ್ಲಿಗೇ ಕರೆದುಕೊಂಡು ಬಾ ಎನ್ನುತ್ತಾರೆ; ಅಮ್ಮನಾದರೋ ಮನೆ ಬಿಡುವ ಮಾತು ಬಂದರೆ ತಲೆ ಅಲ್ಲಾಡಿಸಿ ಅಳುತ್ತಾರೆ. ಸಂಬಳವಿಲ್ಲದ ರಜೆ ಹಾಕುವುದೋ, ಊರು ಬಿಡುವುದೋ, ಕೆಲಸವನ್ನೇ ಬಿಡುವುದೋ ಎಂಬುದನ್ನು ಶಾಲೆಯ ವರ್ಷ ಮುಗಿಯುವುದರೊಳಗೆ ತೀರ್ಮಾನಿಸಬೇಕು.

ನಾನು ಶುಕ್ರವಾರ ಹೋಗುವ ಪ್ರಾರ್ಥನಾ ಕೂಟದ ಹಿರಿಯರೊಬ್ಬರು, “ನೀನು ಎಲ್ಲವನ್ನೂ ನಿನ್ನ ಕೈಯಲ್ಲೇ ಹಿಡಿದುಕೊಂಡಿದ್ದೀಯಮ್ಮ, ಹೀಗಿರುವಾಗ ದೇವರ ಕೈಗೆ ಜಾಗವೆಲ್ಲಿ?” ಎಂದು ಕೇಳಿದರು. ಅಮ್ಮನ ಔಷಧಿಯ ಹೊತ್ತು, ರಕ್ತದೊತ್ತಡದ ಅಂಕಿ, ಯಾವ ದಿನ ಯಾವ ಬೆರಳು ಅಲುಗಿತು ಎಂಬುದನ್ನೆಲ್ಲ ನಾನು ಬರೆದಿಡುವ ನೋಟುಪುಸ್ತಕವನ್ನು ಅವರು ನೋಡಿದ್ದರು. ವ್ಯಾಯಾಮ ನಿಲ್ಲಿಸಿ ಪೂರ್ಣವಾಗಿ ನಂಬು, ಊರು ಬಿಡುವ ವಿಷಯಕ್ಕೆ ಉಪವಾಸವಿದ್ದು ಬೈಬಲ್ ತೆರೆ, ಕಣ್ಣಿಗೆ ಬಿದ್ದ ವಚನವೇ ಉತ್ತರ ಎಂದರು. ಅವರು ಕೆಟ್ಟವರಲ್ಲ; ಅಮ್ಮನಿಗಾಗಿ ಕಣ್ಣೀರಿಟ್ಟು ಪ್ರಾರ್ಥಿಸಿದವರು. ಆದ್ದರಿಂದಲೇ ಅವರ ಮಾತನ್ನು ತಳ್ಳಿಹಾಕಲು ನನಗೆ ಆಗುತ್ತಿಲ್ಲ.

ನನ್ನ ಪ್ರಶ್ನೆ ಇಷ್ಟೆ. ಜೀವನವನ್ನು ದೇವರಿಗೆ ಒಪ್ಪಿಸಿಕೊಟ್ಟವಳು ಮತ್ತೆ ಲೆಕ್ಕ ಹಾಕಿ, ಯೋಚಿಸಿ, ತಾನೇ ತೀರ್ಮಾನ ತೆಗೆದುಕೊಂಡರೆ ಒಪ್ಪಿಸಿದ್ದನ್ನು ಹಿಂದಕ್ಕೆ ಕಿತ್ತುಕೊಂಡಂತೆ ಆಗುವುದೇ?

ಉತ್ತರ: ನಿವೃತ್ತ ಸಭಾಪಾಲಕ, ಮೈಸೂರು

ಪ್ರಿಯ ಸಹೋದರಿ, ಒಡಂಬಡಿಕೆಯ ಆರಾಧನೆಯನ್ನು ಬಹಳ ವರ್ಷ ನಡೆಸಿಕೊಟ್ಟವನಾಗಿ ಒಂದು ಮಾತು ಹೇಳುತ್ತೇನೆ: ಆ ಪ್ರಾರ್ಥನೆಯನ್ನು ಎಡವದೆ ಓದಿ ಮುಗಿಸಿದವರಿಗಿಂತ, ಓದಲಾರದೆ ನಿಂತವರು ಅದರ ಮಾತುಗಳನ್ನು ಚೆನ್ನಾಗಿ ಕೇಳಿಸಿಕೊಂಡಿರುತ್ತಾರೆ. ನಿಮ್ಮ ಮೌನವನ್ನು ಅವಿಶ್ವಾಸವೆಂದು ಎಣಿಸಬೇಡಿ.

ಆ ಪ್ರಾರ್ಥನೆ ಎಲ್ಲಿಂದ ಬಂತೆಂಬುದನ್ನು ನೋಡಿದರೆ ನಿಮ್ಮ ಪ್ರಶ್ನೆಯ ಒಂದು ಭಾಗ ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ಹಳೆಯ ಮೈಸೂರು ಸೀಮೆಯ ನಮ್ಮ ಹಲವು ಸಭೆಗಳ ಬೇರು ವೆಸ್ಲಿಯನ್ ಮಿಷನ್ನಿನಲ್ಲಿದೆ. ಮೆಥಡಿಸ್ಟ್ ಪಂಥದ ಸ್ಥಾಪಕರಾದ ಜಾನ್ ವೆಸ್ಲಿಯವರು 1755ರ ಆಗಸ್ಟ್ 11ರಂದು ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನಲ್ಲಿದ್ದ ಫ್ರೆಂಚರ ದೇವಾಲಯದಲ್ಲಿ ಈ ಆರಾಧನೆಯನ್ನು ನಡೆಸಿದಾಗ ಸುಮಾರು 1,800 ಜನರು ಎದ್ದು ನಿಂತು ಒಪ್ಪಿಗೆ ಸೂಚಿಸಿದರೆಂದು ಅವರೇ ತಮ್ಮ ದಿನಚರಿಯಲ್ಲಿ ಬರೆದಿದ್ದಾರೆ. ಅಂದು ಅವರು ಓದಿಸಿದ ಮಾತುಗಳನ್ನು ಹಿಂದಿನ ಶತಮಾನದ ರಿಚರ್ಡ್ ಅಲೈನ್ ಎಂಬ ಪ್ಯೂರಿಟನ್ (ಇಂಗ್ಲೆಂಡಿನ ಸಭೆಯ ಸುಧಾರಣೆ ಬಯಸಿದ ಪಂಗಡದ) ಬೋಧಕರಿಂದ ತೆಗೆದುಕೊಂಡಿದ್ದರು; ಆ ಅಲೈನ್ ಅವರು ಮನಸ್ಸಾಕ್ಷಿಯ ಕಾರಣಕ್ಕೆ 1662ರಲ್ಲಿ ತಮ್ಮ ಸಭೆಯನ್ನೇ ಕಳೆದುಕೊಂಡವರು. ನೋವನ್ನು ಕಾಣದವರು ಬರೆದ ಮಾತುಗಳಲ್ಲ ಅವು.

ಇನ್ನು ವೆಸ್ಲಿಯವರ ವಿಷಯ. ನಾನು ನನ್ನವನಲ್ಲ ಎಂದು ಜನರಿಂದ ಹೇಳಿಸಿದ ಆ ಮನುಷ್ಯರು ದಿನದ ಒಂದೊಂದು ಗಂಟೆಯನ್ನು ಹೇಗೆ ಕಳೆದೆನೆಂದು ಬರೆದಿಡುತ್ತಿದ್ದರು. 1746ರಲ್ಲಿ ಲಂಡನ್ನಿನಲ್ಲಿ ಬಡವರಿಗಾಗಿ ಔಷಧಾಲಯ ತೆರೆದರು. ಮರುವರ್ಷ ಸಾಮಾನ್ಯ ಜನರು ಮನೆಯಲ್ಲೇ ಮಾಡಿಕೊಳ್ಳಬಹುದಾದ ಚಿಕಿತ್ಸೆಗಳನ್ನು ಸಂಗ್ರಹಿಸಿ ಒಂದು ಪುಸ್ತಕವನ್ನೇ ಹೊರತಂದರು. ನಿಮ್ಮ ಅಮ್ಮನ ಬೆರಳು ಅಲುಗಿದ ದಿನವನ್ನು ಬರೆದಿಟ್ಟ ನೋಟುಪುಸ್ತಕವನ್ನು ಅವರು ನೋಡಿದ್ದರೆ ಮುಚ್ಚಿಡು ಎನ್ನುತ್ತಿರಲಿಲ್ಲ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ.

ಆದರೆ ಮುಖ್ಯ ಉತ್ತರವಿರುವುದು ಯೇಸುಸ್ವಾಮಿ ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಪ್ರಾರ್ಥಿಸಿದ ಗೆತ್ಸೇಮನೆ ತೋಟದಲ್ಲಿ. ದೇವರ ಚಿತ್ತಕ್ಕೆ ತನ್ನನ್ನು ಒಪ್ಪಿಸಿಕೊಡುವುದು ಎಂದರೇನೆಂದು ತಿಳಿಯಲು ನಮಗೆ ಅದಕ್ಕಿಂತ ದೊಡ್ಡ ಉದಾಹರಣೆಯಿಲ್ಲ, ಹಾಗಿದ್ದೂ ಅಲ್ಲಿ ಏನು ನಡೆಯಿತೆಂಬುದನ್ನು ನಾವು ಅವಸರದಲ್ಲಿ ದಾಟಿಬಿಡುತ್ತೇವೆ. ಯೇಸುಸ್ವಾಮಿ ‘ನಿನ್ನ ಚಿತ್ತವೇ ಆಗಲಿ’ ಎಂದು ಮೊದಲು ಹೇಳಲಿಲ್ಲ. ಈ ಪಾತ್ರೆಯನ್ನು, ಅಂದರೆ ಮುಂದಿರುವ ಯಾತನೆಯನ್ನು, ನನ್ನಿಂದ ತೊಲಗಿಸು ಎಂದು ಮೊದಲು ಬೇಡಿಕೊಂಡನು. ತನಗೆ ಏನು ಬೇಕೋ ಅದನ್ನು ಮರೆಮಾಚದೆ ತಂದೆಯ ಮುಂದೆ ಇಟ್ಟನು. ಮತ್ತಾಯನ ಸುವಾರ್ತೆಯ ಪ್ರಕಾರ ಒಂದೇ ಸಲವಲ್ಲ, ಮೂರು ಸಲ ಹೋಗಿ ಪ್ರಾರ್ಥಿಸಿದನು. ಆತನು ಬಲವಾಗಿ ಕೂಗುತ್ತಾ ಕಣ್ಣೀರು ಸುರಿಸುತ್ತಾ ಬೇಡಿಕೊಂಡನೆಂದು ಇಬ್ರಿಯರಿಗೆ ಬರೆದ ಪತ್ರಿಕೆ ಹೇಳುತ್ತದೆ. ಗೆತ್ಸೇಮನೆ ಎಂಬ ಹೆಸರಿನ ಅರ್ಥವೇ ಎಣ್ಣೆ ಹಿಂಡುವ ಗಾಣ. ಅಲ್ಲಿ ಆಸೆಯನ್ನು ಕೊಂದುಕೊಂಡ ಒಬ್ಬ ವಿರಕ್ತನನ್ನು ನಾವು ಕಾಣುವುದಿಲ್ಲ. ಬದುಕಬೇಕೆಂಬ ಆಸೆಯನ್ನು ಇದ್ದಂತೆಯೇ ಹಿಡಿದು ತಂದು ತಂದೆಯ ಕೈಗಿಟ್ಟ ಮಗನನ್ನು ಕಾಣುತ್ತೇವೆ. ಅಮ್ಮ ನಡೆಯಬೇಕು, ಮಾತಾಡಬೇಕು ಎಂದು ನೀವು ಬೇಡುವುದು ಒಪ್ಪಿಸುವಿಕೆಗೆ ವಿರೋಧವಲ್ಲ. ಬೇಡಿಕೆಯೇ ಇಲ್ಲದ ಮೇಲೆ ಒಪ್ಪಿಸುವುದಕ್ಕೆ ನಿಮ್ಮ ಕೈಯಲ್ಲಿ ಉಳಿಯುವುದೇನು?

ಕೀರ್ತನೆ 37ರ ಐದನೆಯ ವಚನದಲ್ಲಿ ನಿನ್ನ ಮಾರ್ಗವನ್ನು ಯೆಹೋವನಿಗೆ ಒಪ್ಪಿಸು ಎಂದಿದೆಯಲ್ಲವೇ, ಅಲ್ಲಿ ಇಬ್ರಿಯ ಮೂಲದಲ್ಲಿರುವ ಕ್ರಿಯಾಪದಕ್ಕೆ ಉರುಳಿಸು ಎಂಬ ಅರ್ಥವಿದೆ. ಎತ್ತಲಾರದ ಬಂಡೆಯನ್ನು ಇನ್ನೊಬ್ಬರ ಕಡೆಗೆ ಉರುಳಿಸಿದ ಹಾಗೆ. ಉರುಳಿದ್ದು ಭಾರ, ನಡೆಯಬೇಕಾದವರು ನೀವೇ, ಯಾಕೆಂದರೆ ಮಾರ್ಗ ಇನ್ನೂ ‘ನಿನ್ನ ಮಾರ್ಗ’ವಾಗಿಯೇ ಇದೆ. ರಜೆ ಹಾಕುವುದೋ ಊರು ಬಿಡುವುದೋ ಎಂದು ತೀರ್ಮಾನಿಸುವುದು ನಿಮಗೆ ವಹಿಸಿದ ಕೆಲಸ. ಆ ತೀರ್ಮಾನದಿಂದ ಏನಾಗುತ್ತದೆಂಬ ಭಾರವೇ ಬಂಡೆ.

ಉತ್ತರ: ಕಥೋಲಿಕ ವಿಶ್ವಾಸಿ, ಮಂಗಳೂರು

ಅಯ್ಯನವರು ಹೇಳಿದ್ದನ್ನು ಒಪ್ಪುತ್ತಾ ನಮ್ಮ ಕಡೆಯ ಒಂದು ವಿಷಯವನ್ನು ಸೇರಿಸುತ್ತೇನೆ. ನನ್ನ ಸ್ವಾತಂತ್ರ್ಯ, ನೆನಪು, ಬುದ್ಧಿ, ಚಿತ್ತ ಎಲ್ಲವನ್ನೂ ತೆಗೆದುಕೋ ಪ್ರಭುವೇ, ನಿನ್ನ ಪ್ರೀತಿಯೂ ಕೃಪೆಯೂ ಇದ್ದರೆ ನನಗೆ ಸಾಕು ಎಂಬ ಪ್ರಾರ್ಥನೆ ಯೇಸುಸಭೆಯ (ಜೆಸ್ವಿಟ್) ಸ್ಥಾಪಕರಾದ ಲೊಯೋಲದ ಸಂತ ಇಗ್ನೇಷಿಯಸರದು. 1521ರಲ್ಲಿ ಪಾಂಪ್ಲೋನದ ಯುದ್ಧದಲ್ಲಿ ಫಿರಂಗಿಯ ಗುಂಡಿಗೆ ಕಾಲು ಮುರಿದು ಮಲಗಿದ್ದಾಗ ಅವರ ಬದುಕು ತಿರುಗಿತು. ಜನರು ಗಮನಿಸದ ಸಂಗತಿಯೆಂದರೆ, ಅವರು ಬರೆದ ‘ಆಧ್ಯಾತ್ಮಿಕ ಅಭ್ಯಾಸಗಳು’ ಎಂಬ ಧ್ಯಾನದ ಕೈಪಿಡಿಯಲ್ಲಿ ಆ ಪ್ರಾರ್ಥನೆ ಬರುವುದು ಮೊದಲ ದಿನವಲ್ಲ; ಸುಮಾರು 30 ದಿನಗಳ ಧ್ಯಾನದ ಕೊನೆಯಲ್ಲಿ, ದೇವರು ತನಗೆ ಏನೇನು ಕೊಟ್ಟಿದ್ದಾನೆಂದು ಒಂದೊಂದಾಗಿ ನೆನೆದ ನಂತರ. ಪ್ರೀತಿಗೆ ಪ್ರತಿಯಾಗಿ ಬರುವ ಮಾತು ಅದು. ಹೆದರಿಸಿ ಹೇಳಿಸುವ ಮಾತಲ್ಲ.

ಅದೇ ಇಗ್ನೇಷಿಯಸರು, ದೇವರ ಚಿತ್ತವು ಬೇರೆ ರೀತಿಯಲ್ಲಿ ಸ್ಪಷ್ಟವಾಗದಿದ್ದಾಗ ಏನು ಮಾಡಬೇಕೆಂದೂ ಹೇಳಿದ್ದಾರೆ. ಎರಡು ದಾರಿಗಳ ಲಾಭವನ್ನೂ ತೊಂದರೆಯನ್ನೂ ಬರೆದು ತೂಗಿ ನೋಡಬೇಕು. ನನಗೆ ಪರಿಚಯವೇ ಇಲ್ಲದ ಒಬ್ಬ ವ್ಯಕ್ತಿ ಇದೇ ಸ್ಥಿತಿಯಲ್ಲಿ ಬಂದು ಕೇಳಿದರೆ ನಾನು ಯಾವ ಸಲಹೆ ಕೊಡುತ್ತಿದ್ದೆ ಎಂದು ಯೋಚಿಸಬೇಕು. ಸಾವಿನ ಹಾಸಿಗೆಯಲ್ಲಿ ಮಲಗಿ ಹಿಂದಿರುಗಿ ನೋಡಿದರೆ ಯಾವುದನ್ನು ಆರಿಸಿರಬೇಕಿತ್ತು ಅನ್ನಿಸುತ್ತದೆ ಎಂದೂ ಕೇಳಿಕೊಳ್ಳಬೇಕು. ಹೀಗೆ ತೀರ್ಮಾನಿಸಿದ ಮೇಲೆ ಅದನ್ನು ಪ್ರಾರ್ಥನೆಯಲ್ಲಿ ದೇವರಿಗೆ ಅರ್ಪಿಸಿ, ಆತನು ಅದನ್ನು ದೃಢಪಡಿಸಲೆಂದು ಬೇಡಬೇಕು. ನೋಡಿ ಅಕ್ಕಾ, ತನ್ನ ಬುದ್ಧಿಯನ್ನೇ ತೆಗೆದುಕೋ ಎಂದು ಪ್ರಾರ್ಥಿಸಿದವರು ಬುದ್ಧಿಯನ್ನು ಇಷ್ಟು ಜಾಗ್ರತೆಯಿಂದ ಬಳಸಿದ್ದಾರೆ. ದೇವರಿಗೆ ಕೊಟ್ಟ ಬುದ್ಧಿ ಆತನ ಕೆಲಸದಲ್ಲಿರುತ್ತದೆಯೇ ಹೊರತು ಪೆಟ್ಟಿಗೆಯಲ್ಲಿರುವುದಿಲ್ಲ.

ಬೈಬಲ್ ತೆರೆದು ಕಣ್ಣಿಗೆ ಬಿದ್ದ ವಚನ ಓದುವುದರ ಬಗ್ಗೆ: ಮುಂದೆ ಬಿಷಪರಾದ ಸಂತ ಅಗಸ್ಟೀನರು 386ರಲ್ಲಿ ಮಿಲಾನಿನ ತೋಟದಲ್ಲಿ ಹಾಗೆ ಪುಸ್ತಕ ತೆರೆದು ಓದಿದ್ದು ಎಲ್ಲರಿಗೂ ಗೊತ್ತಿದೆ. ಆದರೆ ಲೋಕವ್ಯವಹಾರಗಳಿಗೆ ಸುವಾರ್ತೆಯ ಪುಟಗಳನ್ನು ಶಕುನದಂತೆ ಬಳಸುವುದು ತಮಗೆ ಇಷ್ಟವಿಲ್ಲವೆಂದು ಅವರೇ ಮುಂದೆ ಒಂದು ಪತ್ರದಲ್ಲಿ ಬರೆದಿದ್ದಾರೆ. ತೋಟದಲ್ಲಿ ಅವರಿಗೆ ಸಿಕ್ಕಿದ್ದು ಬದುಕನ್ನು ತಿದ್ದಿಕೊಳ್ಳುವ ಕರೆ. ಊರು ಬಿಡುವುದೋ ಬೇಡವೋ ಎಂಬುದಕ್ಕೆ ಗುರುತಲ್ಲ.

ಉತ್ತರ: ಕೃಷಿಕ, ಚಿಕ್ಕಮಗಳೂರು ಜಿಲ್ಲೆ

ಹಿರಿಯರ ಮಾತನ್ನು ಗೌರವಿಸುತ್ತಲೇ ನನ್ನ ಅಳುಕನ್ನು ಹೇಳಿಕೊಳ್ಳುತ್ತೇನೆ. ನಾವು ಒಪ್ಪಿಸುವಿಕೆಯನ್ನು ಬಹಳ ಸಲೀಸು ಮಾಡಿಬಿಡುತ್ತಿದ್ದೇವೆಯೇ? ಎಲ್ಲವನ್ನೂ ನಾವೇ ತೂಗಿ, ನಾವೇ ಆರಿಸಿ, ಕೊನೆಗೆ ದೇವರ ಮುದ್ರೆ ಒತ್ತಿಸಿಕೊಳ್ಳುವುದಾದರೆ ಅಬ್ರಹಾಮನ ನಂಬಿಕೆ ಎಲ್ಲಿ ಹೋಯಿತು? ತಾನು ಎಲ್ಲಿಗೆ ಹೋಗುತ್ತೇನೆಂದು ತಿಳಿಯದೆಯೇ ಅವನು ಹೊರಟನೆಂದು ಇಬ್ರಿಯರಿಗೆ ಬರೆದ ಪತ್ರಿಕೆಯ 11ನೆಯ ಅಧ್ಯಾಯ ಹೇಳುತ್ತದೆ. ಪೌಲನು ಯೋಜನೆ ಹಾಕಿಕೊಂಡೇ ಬಿಥೂನ್ಯಕ್ಕೆ ಹೊರಟಿದ್ದನು, ಆದರೆ ಆತ್ಮನು ಬಿಡಲಿಲ್ಲ. ತ್ರೋವದಲ್ಲಿ ರಾತ್ರಿ ದರ್ಶನ ಕಂಡು ಮಕೆದೋನ್ಯಕ್ಕೆ ಹೋದನು. ವೆಸ್ಲಿಯವರು ಕೂಡ ಕೆಲವು ಸಂದರ್ಭಗಳಲ್ಲಿ ಚೀಟಿ ಹಾಕಿ ದೇವರ ಚಿತ್ತವನ್ನು ಹುಡುಕಿದ್ದುಂಟು, ಅದನ್ನೂ ಹೇಳಬೇಕಲ್ಲವೇ?

ನನ್ನ ತಂದೆಯವರು ಕ್ಯಾನ್ಸರಿನಿಂದ ಮಲಗಿದ್ದಾಗ ನಾನು ಚಿಕಿತ್ಸೆಯನ್ನೂ ಬಿಡಲಿಲ್ಲ, ಪ್ರಾರ್ಥನೆಯನ್ನೂ ಬಿಡಲಿಲ್ಲ. ಅವರು ಉಳಿಯಲಿಲ್ಲ. ಆಮೇಲೆ ಎರಡು ವರ್ಷ, ಯೇಸು ಕಲಿಸಿದ ಕರ್ತನ ಪ್ರಾರ್ಥನೆಯಲ್ಲಿ ‘ನಿನ್ನ ಚಿತ್ತವು’ ಎಂಬ ಸಾಲು ಬಂದಾಗಲೆಲ್ಲ ನನಗೆ ಬಾಯಿ ಬರುತ್ತಿರಲಿಲ್ಲ. ನನ್ನ ಕೈಯಲ್ಲಿದ್ದುದನ್ನು ನಿಜವಾಗಿ ಬಿಟ್ಟದ್ದು ಆಸ್ಪತ್ರೆಯಲ್ಲಲ್ಲ. ಅವರು ನೆಟ್ಟಿದ್ದ ಕಾಫಿ ಗಿಡಗಳಿಗೆ ನಾನು ಒಬ್ಬನೇ ಗೊಬ್ಬರ ಹಾಕುತ್ತಿದ್ದ ಒಂದು ಬೆಳಿಗ್ಗೆ. ಏಕೆಂದು ವಿವರಿಸಲು ನನಗೆ ಬರುವುದಿಲ್ಲ. ಇದನ್ನೆಲ್ಲ ಹೇಳುವುದು ಇಷ್ಟಕ್ಕೆ: ಒಪ್ಪಿಸಿಕೊಡುವುದರಲ್ಲಿ ನಮ್ಮ ತರ್ಕಕ್ಕೆ ಸಿಗದ ಒಂದು ಭಾಗವಿದೆ, ಸಹೋದರಿಗೆ ಅದನ್ನು ಮುಚ್ಚಿಡಬಾರದು.

ಉತ್ತರ: ಶುಶ್ರೂಷಕಿ, ಹುಬ್ಬಳ್ಳಿ

ಮೇಲಿನ ಅಣ್ಣನವರ ನೋವಿಗೆ ನನ್ನಲ್ಲಿ ಉತ್ತರವಿಲ್ಲ, ತಲೆಬಾಗುತ್ತೇನೆ. ಆದರೆ ಪ್ರಶ್ನೆ ಕೇಳಿದ ಅಕ್ಕನಿಗೆ ಅವಸರವಾಗಿ ತಿಳಿಸಬೇಕಾದ ಒಂದು ಮಾತಿದೆ. ಲಕ್ವ ಹೊಡೆದ ಮೊದಲ ಮೂರರಿಂದ ಆರು ತಿಂಗಳಲ್ಲಿ ಚೇತರಿಕೆ ಅತ್ಯಂತ ವೇಗವಾಗಿರುತ್ತದೆ. ವ್ಯಾಯಾಮವನ್ನು ಈಗ ನಿಲ್ಲಿಸಿದರೆ ಕೈ ಬಿಗಿದುಕೊಳ್ಳಬಹುದು, ಭುಜ ನೋಯಲು ಆರಂಭವಾಗಬಹುದು, ಹೋದ ಕಾಲ ಮತ್ತೆ ಸಿಗುವುದಿಲ್ಲ. ದಯವಿಟ್ಟು ನಿಲ್ಲಿಸಬೇಡಿ. ಮಾತಿಗೂ ಬೇರೆ ಚಿಕಿತ್ಸೆಯಿದೆ, ಅದನ್ನು ವೈದ್ಯರಲ್ಲಿ ಕೇಳಿ.

ಬೈಬಲಿನಲ್ಲಿಯೇ ನೋಡಿ. ಅರಸನಾದ ಹಿಜ್ಕೀಯನು ಸಾಯುವ ಸ್ಥಿತಿಯಲ್ಲಿದ್ದಾಗ ದೇವರು ಅವನ ಪ್ರಾರ್ಥನೆಯನ್ನು ಕೇಳಿ, 15 ವರ್ಷ ಆಯುಷ್ಯ ಹೆಚ್ಚಿಸುತ್ತೇನೆಂದು ಮಾತು ಕೊಟ್ಟನು. ಮಾತು ಕೊಟ್ಟಾದ ಮೇಲೂ ಪ್ರವಾದಿ ಯೆಶಾಯನು ಅಂಜೂರದ ಹಣ್ಣುಗಳ ಉಂಡೆಯನ್ನು ತರಿಸಿ ಹುಣ್ಣಿನ ಮೇಲೆ ಹಾಕಿಸಿದನು. ಅದು ಅಪನಂಬಿಕೆಯೆಂದು ಯಾರೂ ಹೇಳಲಿಲ್ಲ. ದೇವಾಲಯದ ಶಿಖರದಿಂದ ಧುಮುಕು, ದೇವದೂತರು ಹಿಡಿಯುತ್ತಾರೆ ಎಂದು ಸೈತಾನನು ವಚನವನ್ನೇ ಹಿಡಿದು ಹೇಳಿದಾಗ, ದೇವರನ್ನು ಪರೀಕ್ಷಿಸಬಾರದು ಎಂದು ಯೇಸು ನಿರಾಕರಿಸಿದನು. ಔಷಧಿ ಬಿಟ್ಟು ನಂಬು ಎನ್ನುವವರು ಎಷ್ಟೇ ಪ್ರೀತಿಯಿಂದ ಹೇಳಿದರೂ, ಅದು ಶಿಖರದಿಂದ ಧುಮುಕು ಎಂದ ಹಾಗೆಯೇ.

ಇನ್ನೊಂದು ಮಾತನ್ನು ಹೇಳಲೋ ಬೇಡವೋ ಎಂದು ಯೋಚಿಸಿದೆ, ಹೇಳಿಬಿಡುತ್ತೇನೆ. ನನ್ನ ಮದುವೆಯ ಮೊದಲ ವರ್ಷಗಳಲ್ಲಿ ಮನೆಯಲ್ಲಿ ಹೊಡೆತ ತಿನ್ನುತ್ತಿದ್ದಾಗ, ನಾನು ನಂಬಿದ್ದ ಒಬ್ಬರು ‘ಎಲ್ಲವನ್ನೂ ಕರ್ತನಿಗೆ ಒಪ್ಪಿಸಿಕೊಡು, ನಿನ್ನ ಹಕ್ಕನ್ನು ಹಿಡಿದುಕೊಳ್ಳಬೇಡ’ ಎಂದು ಹೇಳಿ ಆ ಮನೆಗೇ ನನ್ನನ್ನು ಮರಳಿ ಕಳುಹಿಸಿದರು. ಅಂದು ನಾನು ಒಪ್ಪಿಸಿಕೊಟ್ಟದ್ದು ದೇವರಿಗಲ್ಲ, ಒಬ್ಬ ಮನುಷ್ಯನ ಸಿಟ್ಟಿಗೆ ಎಂದು ತಿಳಿಯಲು ನನಗೆ ಆರು ವರ್ಷ ಹಿಡಿಯಿತು. ನಾವು ಒಪ್ಪಿಸಿಕೊಡುವುದು ನಮಗಾಗಿ ಪ್ರಾಣ ಕೊಟ್ಟವನಿಗೆ. ಆತನ ಹೆಸರು ಹೇಳಿಕೊಂಡು ಬರುವ ಪ್ರತಿಯೊಬ್ಬರಿಗೂ ಅಲ್ಲ. ಯಾರಾದರೂ ‘ದೇವರಿಗೆ ಬಿಡು’ ಎಂದಾಗ, ನಾನು ಬಿಟ್ಟದ್ದು ನಿಜವಾಗಿ ಯಾರ ಕೈಗೆ ಹೋಗುತ್ತದೆ ಎಂದು ನೋಡಿಕೊಳ್ಳಿ.

ಉತ್ತರ: ನಿವೃತ್ತ ಸಭಾಪಾಲಕ, ಮೈಸೂರು

ಶುಶ್ರೂಷಕಿ ಸಹೋದರಿಯ ಮಾತಿನ ಮುಂದೆ ನಾನು ಮೊದಲು ಬರೆದದ್ದು ಅರ್ಧವೇ ಎಂದು ತಿಳಿಯಿತು. ಇಂಥ ಸಲಹೆಯನ್ನು ಬೋಧಕರು ಕೊಟ್ಟಿದ್ದಾರೆ, ನನ್ನ ತಲೆಮಾರಿನವರು ಕೊಟ್ಟಿದ್ದಾರೆ. ಅದಕ್ಕಾಗಿ ಅವರಲ್ಲಿ ಕ್ಷಮೆ ಕೇಳುತ್ತೇನೆ.

ಚಿಕ್ಕಮಗಳೂರಿನ ಸಹೋದರರು ಎತ್ತಿದ ಪ್ರಶ್ನೆಯನ್ನು ಬದಿಗಿಡಲಾಗದು. ವೆಸ್ಲಿಯವರು ಚೀಟಿ ಹಾಕಿದ್ದು ನಿಜ. ಅಪೊಸ್ತಲರೂ ಯೂದನ ಸ್ಥಾನಕ್ಕೆ ಮತ್ತೀಯನನ್ನು ಹಾಗೆಯೇ ಆರಿಸಿದರು, ಆದರೆ ಪಂಚಾಶತ್ತಮ ದಿನದಲ್ಲಿ ಪವಿತ್ರಾತ್ಮನು ಇಳಿದ ಮೇಲೆ ಅವರು ಮತ್ತೆ ಚೀಟು ಹಾಕಿದ್ದನ್ನು ನಾವು ಓದುವುದಿಲ್ಲ. ಪೌಲನ ಪ್ರಯಾಣವನ್ನೂ ಗಮನಿಸಿ: ಅವನು ಸುಮ್ಮನೆ ಕುಳಿತಿದ್ದಾಗ ಆತ್ಮನು ತಡೆಯಲಿಲ್ಲ, ನಡೆಯುತ್ತಿದ್ದಾಗ ತಡೆದನು.

ನಮ್ಮ ನಾಡಿನ ಶ್ರೀವೈಷ್ಣವರಲ್ಲಿ ಶರಣಾಗತಿಯ ಬಗ್ಗೆ ಹಳೆಯದೊಂದು ಚರ್ಚೆಯಿದೆ. ಮರಿಕೋತಿ ತಾಯಿಯನ್ನು ತಾನೇ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಬೆಕ್ಕಿನ ಮರಿಯನ್ನಾದರೋ ತಾಯಿಯೇ ಬಾಯಲ್ಲಿ ಕಚ್ಚಿಕೊಂಡು ಒಯ್ಯುತ್ತದೆ. ಭಕ್ತನು ಯಾವ ಮರಿಯಂತೆ ಎಂಬುದರಲ್ಲಿ ವಡಗಲೆ ಮತ್ತು ತೆಂಗಲೆ ಪಂಗಡಗಳಿಗೆ ಭಿನ್ನಾಭಿಪ್ರಾಯ. ನಮ್ಮ ಸಭೆಯ ಇತಿಹಾಸದಲ್ಲೂ ಕೃಪೆ ಮತ್ತು ಪ್ರಯತ್ನದ ನಡುವೆ ಇದಕ್ಕೆ ಹತ್ತಿರದ ವಾದ ಶತಮಾನಗಳಿಂದ ನಡೆದುಬಂದಿದೆ. ಪೌಲನು ಫಿಲಿಪ್ಪಿಯವರಿಗೆ ಬರೆಯುವಾಗ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾನೆ: ಮನೋಭೀತಿಯಿಂದ ನಡುಗುತ್ತಾ ನಿಮ್ಮ ರಕ್ಷಣೆಯ ಕೆಲಸವನ್ನು ಸಾಗಿಸಿರಿ, ಯಾಕೆಂದರೆ ನಿಮ್ಮಲ್ಲಿ ಇಚ್ಛೆಯನ್ನೂ ಕಾರ್ಯವನ್ನೂ ಉಂಟುಮಾಡುವವನು ದೇವರೇ. ‘ಆದರೂ’ ಎನ್ನಲಿಲ್ಲ, ‘ಯಾಕೆಂದರೆ’ ಎಂದನು. ದೇವರು ಕೆಲಸ ಮಾಡುತ್ತಿರುವುದು ನಾವು ಕೆಲಸ ಬಿಡುವುದಕ್ಕೆ ಕಾರಣವಲ್ಲ, ಮಾಡುವುದಕ್ಕೆ ಕಾರಣ.

ಆದರೆ ತಂದೆಯವರು ಉಳಿಯಲಿಲ್ಲವೆಂಬ ಮಾತಿಗೆ ಇದು ಉತ್ತರವಲ್ಲ, ಅದು ನನಗೆ ಗೊತ್ತಿದೆ. ಯೋಬನು ದೇವರೊಂದಿಗೆ ವಾದಿಸಿದನು, ಅವನ ಸ್ನೇಹಿತರು ದೇವರ ಪರವಾಗಿ ಉತ್ತರ ಹೇಳಿದರು; ಕೊನೆಯಲ್ಲಿ ದೇವರು ಕೋಪಿಸಿಕೊಂಡದ್ದು ಆ ಸ್ನೇಹಿತರ ಮೇಲೆ. ಅದನ್ನು ನೆನೆದು ಇಲ್ಲಿಗೆ ನಿಲ್ಲಿಸುತ್ತೇನೆ.

ಪ್ರಶ್ನೆ ಕೇಳಿದವರು

ನಾಲ್ವರಿಗೂ ಹೃದಯಪೂರ್ವಕ ವಂದನೆಗಳು. ವ್ಯಾಯಾಮ ನಿಲ್ಲಿಸಿಲ್ಲ. ಕೂಟದ ಹಿರಿಯರಿಗೆ ಹಿಜ್ಕೀಯನ ಅಧ್ಯಾಯವನ್ನು ಓದಿ ಕೇಳಿಸಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ಮುಂದಿನ ವಾರ ಮನೆಗೆ ಬಂದು ಅಮ್ಮನೊಂದಿಗೆ ಪ್ರಾರ್ಥಿಸುತ್ತೇನೆ ಎಂದರು. ಯಜಮಾನರೂ ನಾನೂ ಕುಳಿತು ಎರಡು ದಾರಿಗಳನ್ನೂ ನೋಟುಪುಸ್ತಕದ ಹಿಂದಿನ ಪುಟಗಳಲ್ಲಿ ಬರೆದೆವು. ಆರು ತಿಂಗಳ ರಜೆಗೆ ಅರ್ಜಿ ಕೊಡುವುದೆಂದೂ, ಅಲ್ಲಿಯವರೆಗೆ ಅಮ್ಮನನ್ನು ಊರಿನಿಂದ ಕದಲಿಸಬಾರದೆಂದೂ ತೀರ್ಮಾನಿಸಿದ್ದೇವೆ. ಇದು ಸರಿಯೋ ತಪ್ಪೋ ಎಂಬ ಭಯ ಹೋಗಿಲ್ಲ. ಅದನ್ನು ಅಯ್ಯನವರು ಹೇಳಿದ ಹಾಗೆ ಉರುಳಿಸಲು ಪ್ರಯತ್ನಿಸುತ್ತಿದ್ದೇನೆ. ದಿನಕ್ಕೆ ಎಷ್ಟೋ ಸಲ ಅದು ಹಿಂದಕ್ಕೆ ಉರುಳಿ ಬರುತ್ತದೆ.

ಶುಶ್ರೂಷಕಿ ಅಕ್ಕನಲ್ಲಿ ಒಂದು ವಿಷಯ ಕೇಳಬೇಕು. ಅಮ್ಮನಿಗೆ ‘ನೀರು’ ಎನ್ನಲು ಬರುವುದಿಲ್ಲ, ನನ್ನ ಹೆಸರು ಕೂಡ ಬರುವುದಿಲ್ಲ. ಆದರೆ ನಿನ್ನೆ ರಾತ್ರಿ ನಾನು ಕರ್ತನ ಪ್ರಾರ್ಥನೆ ಆರಂಭಿಸಿದಾಗ ಅವರು ನನ್ನೊಂದಿಗೆ ಸೇರಿಕೊಂಡು, ತೊದಲಿದರೂ ಒಂದು ಮಾತನ್ನೂ ಬಿಡದೆ ಕೊನೆಯವರೆಗೆ ಹೇಳಿದರು. ‘ನಿನ್ನ ಚಿತ್ತವು’ ಎಂಬಲ್ಲಿ ನಿಂತವಳು ನಾನು. ಅಮ್ಮನಿಗೆ ಅದರ ಅರ್ಥ ತಿಳಿದಿರುತ್ತದೆಯೇ?

ಉತ್ತರ: ಶುಶ್ರೂಷಕಿ, ಹುಬ್ಬಳ್ಳಿ

ಅಕ್ಕಾ, ಮಾತು ಹೋದ ಅನೇಕ ರೋಗಿಗಳಲ್ಲಿ ಇದನ್ನು ಕಾಣುತ್ತೇವೆ. ಹೊಸದಾಗಿ ಮಾತು ಕಟ್ಟುವ ಶಕ್ತಿ ಕುಂದಿದ್ದರೂ, ಚಿಕ್ಕಂದಿನಿಂದ ಬಾಯಿಪಾಠವಾಗಿರುವ ಪ್ರಾರ್ಥನೆ, ಹಾಡು, ವಾರದ ದಿನಗಳ ಹೆಸರು ಇಂಥವು ಉಳಿದಿರುತ್ತವೆ. ಇದನ್ನು ಮಾತಿನ ಚಿಕಿತ್ಸೆಯವರಿಗೆ ತಪ್ಪದೆ ತಿಳಿಸಿ. ಅವರು ಇದನ್ನು ಬಳಸಿಕೊಳ್ಳುತ್ತಾರೆ. ಅರ್ಥ ತಿಳಿದು ಹೇಳಿದರೋ ಎಂಬುದನ್ನು ಹೊರಗಿನಿಂದ ನಾನು ಹೇಳಲಾರೆ. ಇಂದು ರಾತ್ರಿ ಅವರ ಎಡಗೈ ಹಿಡಿದುಕೊಂಡು ಹೇಳಿ ನೋಡಿ. ಆ ಸಾಲಿನಲ್ಲಿ ನಿಮಗೆ ಬಾಯಿ ಬರದಿದ್ದರೆ, ಅಷ್ಟನ್ನು ಅಮ್ಮನೇ ಹೇಳಲಿ.